ಬಿಡಿಭಾಗ ಸಿಗದಾಗ ಮಾದರಿ ರೈಲು ಎಂಜಿನ್ ರಿಪೇರಿ: ಕಾಸರಗೋಡಿನಲ್ಲೇ ಸಿಗುವ ಸಾಮಾನಿನಲ್ಲಿ

ಕಾಸರಗೋಡು ಕಡೆಯ ಕೆಲವು ಮನೆಗಳ ಶೋಕೇಸಿನಲ್ಲಿ ಗಲ್ಫಿನಿಂದ ಬಂದ ರೈಲು ಸೆಟ್ ಇರುತ್ತದೆ. ಮಾವನೋ ದೊಡ್ಡಪ್ಪನ ಮಗನೋ ಊರಿಗೆ ಬರುವಾಗ ತಂದದ್ದು. ಮಕ್ಕಳು ದೊಡ್ಡವರಾದ ಮೇಲೆ ಅದು ಅಟ್ಟಕ್ಕೆ ಹೋಗುತ್ತದೆ, ನಾಲ್ಕಾರು ಮಳೆಗಾಲ ಕಳೆದು ಕೆಳಗಿಳಿಯುತ್ತದೆ. ಆಗ ಓಡುವುದಿಲ್ಲ. ಇಲ್ಲವೇ ಇಳಿಸುವಾಗಲೇ ಕೈಜಾರಿ ನೆಲಕ್ಕೆ ಬೀಳುತ್ತದೆ. ಬಿಡಿಭಾಗ ಹುಡುಕಿದರೆ ಆ ಮಾದರಿಯನ್ನೇ ನಿಲ್ಲಿಸಿಯಾಗಿರುತ್ತದೆ. ಕೆಲವೊಮ್ಮೆ ಕಂಪನಿಯೇ ಇರುವುದಿಲ್ಲ. ಇಟಲಿಯ ಲಿಮಾ 2004ರಲ್ಲಿ ಬಾಗಿಲು ಹಾಕಿತು, ಅದರ ಆಸ್ತಿಯನ್ನು ಬ್ರಿಟನ್ನಿನ ಹಾರ್ನ್‌ಬಿ ಕೊಂಡಿತು. ಲಿಮಾದ ಹಳೆಯ ಎಂಜಿನ್‌ಗಳು ಮಾತ್ರ ಇನ್ನೂ ಎಷ್ಟೋ ಮನೆಗಳಲ್ಲಿವೆ.

ಬಿಡಿಭಾಗ ಇಲ್ಲ ಅಂದ ಮಾತ್ರಕ್ಕೆ ಎಂಜಿನ್ ಮುಗಿಯಿತು ಅಂತಲ್ಲ. ನಾನು ಪಾಲಿಸುವ ನಿಯಮ ಒಂದೇ: ಭಾಗದ ಹೆಸರು ಹಿಡಿದು ಹುಡುಕಬೇಡಿ, ಅಳತೆ ಹಿಡಿದು ಹುಡುಕಿ. "ಈ ಎಂಜಿನ್ನಿನ ಗೇರ್ ಉಂಟಾ?" ಎಂದು ಕೇಳಿದರೆ ಬದಿಯಡ್ಕದಲ್ಲೂ ಇಲ್ಲ, ಮಂಗಳೂರಿನಲ್ಲೂ ಇಲ್ಲ. "ಅಣ್ಣಾ, 14 ಹಲ್ಲು, ಹೊರಗಿನ ಅಳತೆ 6.4 ಮಿಲ್ಲಿ, ತೂತು 2 ಮಿಲ್ಲಿ. ಹಾಳಾದ ಪ್ರಿಂಟರಿನಲ್ಲೋ ಆಟಿಕೆಯಲ್ಲೋ ಇಂಥದ್ದು ಇದ್ದರೆ ನೋಡ್ತೀರಾ?" ಎಂದು ಕೇಳಿದರೆ ರಿಪೇರಿ ಅಂಗಡಿಯವರು ಡಬ್ಬ ಹೊರಗೆ ತೆಗೆಯುತ್ತಾರೆ. ಅದಕ್ಕೆ ಒಂದು ಡಿಜಿಟಲ್ ಕ್ಯಾಲಿಪರ್ ಬೇಕೇ ಬೇಕು. ಜೊತೆಗೆ ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್‌ಗಳು, ಚಿಮುಟ, 25 ವ್ಯಾಟಿನ ಸೋಲ್ಡರಿಂಗ್ ಐರನ್ ಇದ್ದರೆ ಸಾಕು.

ಇಲ್ಲಿ ಹೇಳುವುದೆಲ್ಲ ಎಚ್‌ಒ ಅಳತೆಯ, ಅಂದರೆ 1:87ರ, 12 ವೋಲ್ಟ್ ಡಿಸಿಯಲ್ಲಿ ಓಡುವ ಡೀಸೆಲ್ ಎಂಜಿನ್ ಮಾದರಿಗೆ. ಇದರ ಹಳಿಯ ಅಗಲ 16.5 ಮಿ.ಮೀ. ನಮ್ಮ ಮಂಗಳೂರು–ಶೊರನೂರು ಹಳಿ 1676 ಮಿ.ಮೀ. ಅಗಲ ಇದೆ, ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಹಾಗಾಗಿ ಕುಂಬಳೆ ಸ್ಟೇಷನ್ನಿನಲ್ಲಿ ನೋಡಿದ ಎಂಜಿನ್ನಿಗಿಂತ ಮಾದರಿಯ ಗಾಲಿಗಳು ಒಳಗೆ ಸರಿದಂತೆ ಕಾಣುತ್ತವೆ. ಅದು ದೋಷವಲ್ಲ, ಹೊರಗೆ ಎಳೆಯಬೇಡಿ.

ಮೊದಲು ಚೂರುಗಳನ್ನು ಹೆಕ್ಕಿ

ಬಿದ್ದ ಜಾಗವನ್ನು ಗುಡಿಸಿ, ಕಸವನ್ನು ಬಿಳಿ ಕಾಗದದ ಮೇಲೆ ಹರಡಿ. ಮುರಿದ ಕೈಕಂಬಿ, ಗೇರಿನ ಒಂದು ಹಲ್ಲು, ಅರ್ಧ ಕೊಕ್ಕೆ, ಏನು ಸಿಕ್ಕಿದರೂ ಒಂದು ಡಬ್ಬಿಗೆ ಹಾಕಿ. ಮುರಿದ ಭಾಗವನ್ನು ಕೊನೆಯವರೆಗೂ ಬಿಸಾಡಬೇಡಿ. ಅಳತೆ ಸಿಗುವುದು ಅದರಿಂದಲೇ, ಅಚ್ಚು ತೆಗೆಯುವುದೂ ಅದರಿಂದಲೇ. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಯಾವ ವೈರ್ ಎಲ್ಲಿಗೆ ಎನ್ನುವುದು ಕಾಣಬೇಕು. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಒಂದು ರಟ್ಟಿಗೆ ಚುಚ್ಚಿಡಿ.

ಇನ್ನೊಂದನ್ನು ಮೊದಲೇ ನೋಡಿಕೊಳ್ಳಿ. ಒಳಗಿನ ಲೋಹದ ಚಾಸಿಸ್ ಸತುವಿನ ಮಿಶ್ರಲೋಹದ ಎರಕವಾಗಿದ್ದರೆ ಅದರಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯಾ, ಮೈ ಉಬ್ಬಿದೆಯಾ, ಬಾಗಿದೆಯಾ ಎಂದು ಪರೀಕ್ಷಿಸಿ. ಎರಕದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ಲೋಹ ವರ್ಷಗಳು ಹೋದಂತೆ ಒಳಗಿಂದಲೇ ಒಡೆಯುತ್ತದೆ. ತೇವ ಇದ್ದಲ್ಲಿ ಇದು ಬೇಗ. ನಮ್ಮ ಕರಾವಳಿಯ ಹವೆ ಗೊತ್ತೇ ಇದೆ ಅಲ್ವಾ? ಅಂಥ ಚಾಸಿಸನ್ನು ಅಂಟಿಸಿ ಪ್ರಯೋಜನವಿಲ್ಲ. ಮೋಟರ್, ಗಾಲಿ, ಮೈ ತೆಗೆದಿಟ್ಟು ಹಿತ್ತಾಳೆಯಲ್ಲಿ ಹೊಸ ಚಾಸಿಸ್ ಮಾಡಿಸುವುದೊಂದೇ ದಾರಿ.

ದೋಷ ಎಲ್ಲಿದೆ?

ಮೋಟರನ್ನು ಹೊರಗೆ ತೆಗೆಯುವ ಮುಂಚೆ 9 ವೋಲ್ಟಿನ ಚೌಕ ಬ್ಯಾಟರಿಯ ಎರಡು ವೈರ್‌ಗಳನ್ನು ನೇರವಾಗಿ ಮೋಟರಿನ ತುದಿಗಳಿಗೆ ಮುಟ್ಟಿಸಿ. ಮೋಟರ್ ತಿರುಗಿ ಗಾಲಿಯೂ ತಿರುಗಿದರೆ ತೊಂದರೆ ಇರುವುದು ಹಳಿಯಿಂದ ಮೋಟರಿಗೆ ಕರೆಂಟು ಬರುವ ದಾರಿಯಲ್ಲಿ. ಮೋಟರ್ ತಿರುಗಿ ಗಾಲಿ ತಿರುಗದಿದ್ದರೆ ಗೇರ್. ಮೋಟರೇ ಸುಮ್ನೆ ಕೂತರೆ ಮೊದಲು ಕೈಯಿಂದ ತಿರುಗಿಸಿ ನೋಡಿ. ಎಷ್ಟೋ ಸಲ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ, ಅಷ್ಟೇ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಹೊಸ ಎಣ್ಣೆ ಕೊಟ್ಟರೆ ಓಡಲು ಶುರುಮಾಡುತ್ತದೆ.

ಎಣ್ಣೆ ಅಂದರೆ ಹೊಲಿಗೆ ಮೆಷಿನ್ನಿನ ಎಣ್ಣೆ, ಸೂಜಿಯ ತುದಿಯಲ್ಲಿ ಒಂದು ಹನಿ. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ ಹಾಕಬೇಡಿ. ಚಳಿಯಲ್ಲಿ ಗಟ್ಟಿಯಾಗುತ್ತದೆ, ಕ್ರಮೇಣ ಅಂಟಾಗುತ್ತದೆ.

ಓಡುತ್ತದೆ, ಆದರೆ ಗಾಲಿ ಒಂದು ಸುತ್ತು ಬಂದಾಗೊಮ್ಮೆ 'ಟಕ್' ಅನ್ನುತ್ತದೆ ಅಂದರೆ ಆಕ್ಸಲ್ ಮೇಲಿನ ಗೇರ್ ಸೀಳಿದೆ. ಇದು ತುಂಬ ಸಾಮಾನ್ಯವಾದ ರೋಗ. ಹಾಗಾಗಿ ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೀಳಿದ ಗೇರ್

ಅನೇಕ ಮಾದರಿಗಳಲ್ಲಿ ಗಾಲಿಯ ಆಕ್ಸಲ್ ಒಂದೇ ಕಡ್ಡಿಯಲ್ಲ. ಎರಡು ಅರ್ಧ ಕಡ್ಡಿಗಳು ಎರಡು ಕಡೆಯಿಂದ ಬಂದು ನಡುವಿನ ಪ್ಲಾಸ್ಟಿಕ್ ಗೇರಿನ ಕೊಳವೆಯೊಳಗೆ ಬಿಗಿಯಾಗಿ ಕೂತಿರುತ್ತವೆ. ಆ ಬಿಗಿಯೇ ಶತ್ರು. ಪ್ಲಾಸ್ಟಿಕ್ ವರ್ಷಗಟ್ಟಲೆ ಎಳೆತ ತಡೆದು ಕೊನೆಗೆ ಉದ್ದಕ್ಕೆ ಬಿರುಕು ಬಿಡುತ್ತದೆ. ಬಿರುಕು ಬಿದ್ದಲ್ಲಿ ಎರಡು ಹಲ್ಲುಗಳ ನಡುವಿನ ಸಂದು ಅಗಲವಾಗುತ್ತದೆ, ಪಕ್ಕದ ಗೇರಿನ ಹಲ್ಲು ಅಲ್ಲಿ ಕೂರುವುದಿಲ್ಲ. ಆ 'ಟಕ್' ಅದೇ.

ಅಂಟಿಸಲು ಹೋಗಬೇಡಿ. ಇಂಥ ಗೇರ್‌ಗಳು ಹೆಚ್ಚಾಗಿ ಅಸಿಟಾಲ್ ಅಥವಾ ನೈಲಾನ್. ಎರಡೂ ಜಾರುವ ಪ್ಲಾಸ್ಟಿಕ್‌ಗಳು. ಫೆವಿಕ್ವಿಕ್ ಹಾಕಿದರೆ ಹಿಡಿದಂತೆ ಕಾಣುತ್ತದೆ, ಎರಡು ಸುತ್ತು ಓಡಿದ ಮೇಲೆ ಬಿಡುತ್ತದೆ. ಬಿರುಕನ್ನು ಹೊರಗಿನಿಂದ ಬಿಗಿದು ಮುಚ್ಚಬೇಕು.

ಹಲ್ಲುಗಳ ಪಕ್ಕದಲ್ಲಿ ಗೇರಿನ ಕೊಳವೆ ಎರಡೂ ಕಡೆ ಸ್ವಲ್ಪ ಚಾಚಿರುತ್ತದೆ. ಅದರ ಮೇಲೆ ಹಿತ್ತಾಳೆಯ ಉಂಗುರ ತೊಡಿಸಬೇಕು. ಅಂಥ ತೆಳು ಕೊಳವೆ ಎಲ್ಲಿ ಸಿಗುತ್ತದೆ? ಹಳೆಯ ರೇಡಿಯೊ, ಟೇಪ್‌ರೆಕಾರ್ಡರಿನ ಎಳೆಯುವ ಆಂಟೆನಾದಲ್ಲಿ. ಅದು ಒಂದರೊಳಗೊಂದು ಜಾರುವ ಹಿತ್ತಾಳೆ ಕೊಳವೆಗಳ ಸರಣಿ, ಮೇಲೆ ಮಾತ್ರ ಬೆಳ್ಳಿ ಬಣ್ಣದ ಲೇಪ. ಗಲ್ಫ್ ಟೇಪ್‌ರೆಕಾರ್ಡರ್ ನಮ್ಮ ಗುಜರಿ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಒಂದು ಆಂಟೆನಾದಲ್ಲಿ ಬೇರೆ ಬೇರೆ ವ್ಯಾಸದ ಐದಾರು ಕೊಳವೆ ಇರುತ್ತವೆ. ಕ್ಯಾಲಿಪರ್ ಹಿಡಿದು ಒಳ ಅಳತೆ ನೋಡಿ, ಗೇರಿನ ಕೊಳವೆಗಿಂತ ಕೂದಲೆಳೆಯಷ್ಟು ಚಿಕ್ಕದನ್ನು ಆರಿಸಿ.

ಅದರೊಳಗೆ ಬೆಂಕಿಕಡ್ಡಿಯನ್ನೋ ತೆಳು ಮರದ ಕಡ್ಡಿಯನ್ನೋ ತೂರಿಸಿ, ಇಲ್ಲದಿದ್ದರೆ ಕೊಯ್ಯುವಾಗ ಚಪ್ಪಟೆಯಾಗುತ್ತದೆ. ಮೇಜಿನ ಮೇಲಿಟ್ಟು ಬ್ಲೇಡ್ ಒತ್ತಿ ಉರುಳಿಸುತ್ತಾ ಬನ್ನಿ. ಗೆರೆ ಆಳವಾಗುತ್ತಾ ಹೋಗಿ ತುಂಡಾಗುತ್ತದೆ. ಉಂಗುರದ ಅಗಲ 1.5 ಮಿ.ಮೀ. ಸಾಕು. ಒಳ ಅಂಚನ್ನು ಸೂಜಿ ಅರದಿಂದ ಉಜ್ಜಿ ನಯ ಮಾಡಿ, ಇಲ್ಲದಿದ್ದರೆ ತೊಡಿಸುವಾಗ ಪ್ಲಾಸ್ಟಿಕ್ ಕೊಯ್ಯುತ್ತದೆ.

ಈಗ ಅರ್ಧ ಕಡ್ಡಿಗಳನ್ನು ತಿರುಚುತ್ತಾ ಹೊರಗೆಳೆಯಿರಿ. ನೇರ ಎಳೆದರೆ ಬಿರುಕು ಜಾಸ್ತಿಯಾಗುತ್ತದೆ. ಕಡ್ಡಿಯ ತುದಿಯನ್ನು 600 ನಂಬರಿನ ನೀರುಕಾಗದದಲ್ಲಿ (ನಯವಾದ ಉಪ್ಪುಕಾಗದ) ಒಂದೆರಡು ಸುತ್ತು ಉಜ್ಜಿ, ಮೊದಲಿನಷ್ಟು ಬಿಗಿ ಬೇಡ. ಉಂಗುರಗಳನ್ನು ಗೇರಿನ ಎರಡೂ ಕಡೆ ಒತ್ತಿ ಕೂರಿಸಿ. ಬಿರುಕು ಮುಚ್ಚಿಕೊಳ್ಳುವುದು ಕಣ್ಣಿಗೆ ಕಾಣಬೇಕು. ಆಮೇಲೆ ಕಡ್ಡಿಗಳನ್ನು ಹಿಂದಕ್ಕೆ ತಳ್ಳಿ. ಕಡ್ಡಿ ಸಡಿಲವಾದರೆ ಬೇರಿಂಗ್ ಕೂರಿಸಲು ಬಳಸುವ ಲಾಕ್‌ಟೈಟ್ ದ್ರವ ಒಂದು ಚುಕ್ಕೆ.

ಎರಡು ಅರ್ಧ ಕಡ್ಡಿಗಳು ನಡುವೆ ಒಂದಕ್ಕೊಂದು ಮುಟ್ಟಬಾರದು. ಎಡ ಗಾಲಿ ಒಂದು ಹಳಿಯ ಕರೆಂಟು, ಬಲ ಗಾಲಿ ಇನ್ನೊಂದರದ್ದು. ಮುಟ್ಟಿದರೆ ಶಾರ್ಟ್. ಅರ್ಧ ಮಿ.ಮೀ. ಸಂದು ಬಿಡಿ, ಮಲ್ಟಿಮೀಟರಿನಲ್ಲಿ ಎರಡು ಗಾಲಿಗಳ ನಡುವೆ ಸಂಪರ್ಕ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಗಾಲಿಗಳ ಒಳಮುಖದಿಂದ ಒಳಮುಖಕ್ಕೆ ಸುಮಾರು 14.4 ಮಿ.ಮೀ. ಇರಬೇಕು. ಅದಕ್ಕಿಂತ ಜಾಸ್ತಿಯಾದರೆ ಹಳಿ ಕವಲೊಡೆಯುವ ಜಾಗದಲ್ಲಿ ಗಾಲಿ ಹತ್ತಿ ಬೀಳುತ್ತದೆ.

ಗೇರ್ ಪೂರ್ತಿ ಹೋಗಿದ್ದರೆ

ಹಲ್ಲೇ ಉದುರಿದ್ದರೆ ಉಂಗುರದಿಂದ ಆಗದು. ಆಗ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಲೆಕ್ಕ ಹಾಕಿ. ಹೊರವ್ಯಾಸವನ್ನು ಮಿ.ಮೀ.ನಲ್ಲಿ ಅಳೆಯಿರಿ, ಹಲ್ಲಿನ ಸಂಖ್ಯೆಗೆ 2 ಕೂಡಿಸಿ, ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. 14 ಹಲ್ಲು, 6.4 ಮಿ.ಮೀ. ಆದರೆ 6.4 ಭಾಗಿಸು 16, ಅಂದರೆ 0.4. ಇದೇ ಮಾಡ್ಯೂಲ್. ಮಾಡ್ಯೂಲ್ ಬೇರೆಯಾದರೆ ಹಲ್ಲು ಹಲ್ಲಿಗೆ ಕೂರುವುದಿಲ್ಲ, ನೋಡಲು ಎಷ್ಟೇ ಹತ್ತಿರ ಕಂಡರೂ ಸರಿ. ಉತ್ತರ ಖಾತ್ರಿಯಾಗಬೇಕಿದ್ದರೆ ಮೋಟರಿನ ತುದಿಯ ವರ್ಮ್ (ಸ್ಕ್ರೂವಿನಂಥ ಗೇರ್) ಅಳೆಯಿರಿ. ಒಂದೇ ಎಳೆಯ ವರ್ಮ್ ಆದರೆ 0.4 ಮಾಡ್ಯೂಲಿಗೆ ಐದು ಎಳೆಗಳ ಅಂತರ 6.3 ಮಿ.ಮೀ. ಹತ್ತಿರ ಬರುತ್ತದೆ.

ಆಟಿಕೆ ಕಾರುಗಳಲ್ಲಿ 0.5 ಮಾಡ್ಯೂಲಿನ ಗೇರ್ ಜಾಸ್ತಿ. ಸಿಡಿ ಡ್ರೈವ್, ಪ್ರಿಂಟರ್, ಹಳೆಯ ಕ್ಯಾಮರಾ ಒಳಗೆ ಅದಕ್ಕಿಂತ ಸಣ್ಣದೂ ಸಿಗುತ್ತವೆ. ಗೋಡೆ ಗಡಿಯಾರದ ಗೇರ್ ಬೇಡ, ಅದಕ್ಕೆ ಎಂಜಿನ್ ಎಳೆಯುವ ಶಕ್ತಿ ಇಲ್ಲ. ಹಲ್ಲಿನ ಸಂಖ್ಯೆ ಬೇರೆಯಾದ ಗೇರನ್ನು ಒಂದು ಬೋಗಿಗೆ (ಎಂಜಿನ್ನಿನ ಅಡಿಯಲ್ಲಿ ಗಾಲಿಗಳನ್ನು ಹಿಡಿದಿರುವ ಚೌಕಟ್ಟು) ಮಾತ್ರ ಹಾಕಬಾರದು. ಮುಂದಿನ ಬೋಗಿ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಆಗಿ ಎರಡೂ ಜಗಳಾಡುತ್ತವೆ, ಮೋಟರ್ ಬಿಸಿಯಾಗುತ್ತದೆ.

ಎಲ್ಲೂ ಸಿಗದಿದ್ದರೆ ಎರಕ ಹೊಯ್ಯಿರಿ. ನಾಲ್ಕು ಆಕ್ಸಲ್‌ಗಳಲ್ಲಿ ಒಂದರ ಗೇರಾದರೂ ಚೆನ್ನಾಗಿರುತ್ತದೆ, ಅದೇ ಮೂಲ. ಅದನ್ನು ತೊಳೆದು, ವ್ಯಾಸಲೀನ್ ತೆಳುವಾಗಿ ಹಚ್ಚಿ, ಸಣ್ಣ ಮುಚ್ಚಳದೊಳಗೆ ನಿಲ್ಲಿಸಿ ಅಚ್ಚಿನ ಸಿಲಿಕಾನ್ ಸುರಿಯಿರಿ. ಸಿಲಿಕಾನ್ ಗಟ್ಟಿಯಾದ ಮೇಲೆ ಮೂಲ ತೆಗೆದು ಅಚ್ಚಿಗೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಹೊಯ್ಯಿರಿ. ಐದು ನಿಮಿಷದ ಬಗೆ ಬೇಡ, ಅದು ಮೆತ್ತಗೆ. ಟ್ಯೂಬುಗಳನ್ನು ಬಿಸಿನೀರಿನಲ್ಲಿಟ್ಟು ತೆಳುವಾಗಿಸಿದರೆ ಗುಳ್ಳೆ ಕಡಿಮೆ. ಹಲ್ಲಿನ ಮೂಲೆಗೆ ಸೂಜಿಯಿಂದ ಮೊದಲು ಸವರಿ, ಆಮೇಲೆ ತುಂಬಿಸಿ. ಒಂದು ದಿನ ಮುಟ್ಟಬೇಡಿ. ಮಳೆಗಾಲದಲ್ಲಿ ಎರಡು ದಿನ ಬಿಡಿ. ಈ ಗೇರ್ ನಾಲ್ಕೈದು ಡಬ್ಬಿಗಳ ಸಣ್ಣ ರೈಲು ಎಳೆಯಲು ಸಾಕು.

ತ್ರೀಡಿ ಪ್ರಿಂಟರಿನ ಮಾತು ಈಗ ಎಲ್ಲರೂ ಆಡುತ್ತಾರೆ. ತಂತಿ ಕರಗಿಸಿ ಅಚ್ಚು ಹಾಕುವ ಪ್ರಿಂಟರಿನ ಮೂತಿ ಸಾಮಾನ್ಯವಾಗಿ 0.4 ಮಿ.ಮೀ. 0.4 ಮಾಡ್ಯೂಲಿನ ಹಲ್ಲಿನ ದಪ್ಪ ಅರ್ಧ ಮಿ.ಮೀ.ಗಿಂತ ತುಸು ಜಾಸ್ತಿ, ಅಷ್ಟೇ. ಅದರಲ್ಲಿ ಹಲ್ಲಿನ ಆಕಾರ ಬರುವುದಿಲ್ಲ. ರೆಸಿನ್ ಪ್ರಿಂಟರಿನಲ್ಲಿ ಬರುತ್ತದೆ.

ಸದ್ಯಕ್ಕೆ ಓಡಬೇಕು ಅಷ್ಟೇ ಅನ್ನುವವರಿಗೆ ಸುಲಭದ ದಾರಿಯೂ ಇದೆ. ಆಕ್ಸಲ್ ಗೇರ್ ಸರಣಿಯ ಕೊನೆಯದಾಗಿದ್ದು, ಗಾಲಿಗಳು ಇಡೀ ಕಡ್ಡಿಯ ಮೇಲೆ ಕೂತಿದ್ದರೆ, ಕೆಟ್ಟ ಗೇರನ್ನು ಮಾತ್ರ ತೆಗೆದುಬಿಡಿ. ಆ ಗಾಲಿ ಸುಮ್ನೆ ಉರುಳುತ್ತದೆ, ಕರೆಂಟು ಹಿಡಿಯುತ್ತದೆ. ಉಳಿದ ಮೂರು ಆಕ್ಸಲ್‌ಗಳು ಎಳೆಯುತ್ತವೆ.

ಮೋಟರ್

ಮೂರು ಧ್ರುವದ ಮೋಟರಿನಲ್ಲಿ ಕಮ್ಯುಟೇಟರಿನ (ಬ್ರಷ್ ತಾಗುವ ತಾಮ್ರದ ದುಂಡು ಭಾಗ) ಮೂರು ಹೋಳುಗಳಿರುತ್ತವೆ. ಎರಡೆರಡರ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಮೂರೂ ಒಂದೇ ಬಂದರೆ ಸುರುಳಿ ಚೆನ್ನಾಗಿದೆ. ಬೇರೆ ಬೇರೆ ಬಂದರೆ ಒಂದು ತಂತಿ ತುಂಡಾಗಿದೆ. ಹೆಚ್ಚಾಗಿ ಅದು ಕಮ್ಯುಟೇಟರಿಗೆ ಬೆಸೆದ ಬುಡದಲ್ಲೇ ತುಂಡಾಗಿರುತ್ತದೆ, ಲೆನ್ಸ್ ಹಿಡಿದು ನೋಡಿ ಬೆಸೆದರೆ ಆಯಿತು. ಸುರುಳಿ ಸುಟ್ಟಿದ್ದರೆ ಮಿಕ್ಸಿ, ಪಂಪ್ ಮೋಟರ್ ಸುತ್ತುವವರ ಹತ್ತಿರ ಹೋಗಿ. ಸುತ್ತುಗಳನ್ನು ಎಣಿಸುತ್ತಾ ಬಿಚ್ಚಬೇಕು, ಅಷ್ಟೇ ದಪ್ಪದ ತಂತಿ ಬೇಕು, ಮೂರೂ ಧ್ರುವಕ್ಕೆ ಒಂದೇ ಲೆಕ್ಕ. ಕೈಪಳಗಿದವರು ಮಾಡಿಕೊಡುತ್ತಾರೆ.

ಕಾರ್ಬನ್ ಬ್ರಷ್ ಸವೆದಿದ್ದರೆ ಮಿಕ್ಸಿ ಬ್ರಷ್ ಉಜ್ಜಿ ಹಾಕಿ ಎಂದು ಹಲವರು ಹೇಳುತ್ತಾರೆ. ಅದು 230 ವೋಲ್ಟಿಗೆ ಮಾಡಿದ್ದು, ರೆಸಿಸ್ಟೆನ್ಸ್ ಜಾಸ್ತಿ, 12 ವೋಲ್ಟಿನಲ್ಲಿ ಮೋಟರ್ ಸೋಮಾರಿಯಾಗುತ್ತದೆ. ಸ್ಕೂಟರಿನ ಸೆಲ್ಫ್ ಮೋಟರಿನ ಬ್ರಷ್ ತೆಗೆದುಕೊಳ್ಳಿ. ಅದರಲ್ಲಿ ತಾಮ್ರ ಬೆರೆತಿರುತ್ತದೆ, ಬಣ್ಣದಲ್ಲೇ ಗೊತ್ತಾಗುತ್ತದೆ. ಬೇಕಾದ ಅಳತೆಗೆ ಬ್ಲೇಡ್ ಗರಗಸದಲ್ಲಿ ಕೊಯ್ದು ನೀರುಕಾಗದದಲ್ಲಿ ಉಜ್ಜಿ. ಸ್ಪ್ರಿಂಗ್ ಹೋಗಿದ್ದರೆ ಸಿಗರೇಟ್ ಲೈಟರಿನ ಕಲ್ಲಿನ ಕೆಳಗಿನ ಸಣ್ಣ ಸ್ಪ್ರಿಂಗನ್ನು ಕತ್ತರಿಸಿ ಬಳಸಿ. ಬಾಲ್‌ಪೆನ್ನಿನದು ತುಂಬ ಗಟ್ಟಿ.

ಮೋಟರನ್ನೇ ಬದಲಾಯಿಸುವುದಾದರೆ ಉದ್ದ, ಅಗಲ, ಶಾಫ್ಟಿನ ದಪ್ಪ, ವೋಲ್ಟೇಜ್ ಈ ನಾಲ್ಕನ್ನು ಬರೆದುಕೊಂಡು ಹೋಗಿ. ಆಟಿಕೆ ಕಾರಿನ ಮೋಟರ್ 3ರಿಂದ 6 ವೋಲ್ಟಿನದ್ದು, 12 ಕೊಟ್ಟರೆ ಸುಡುತ್ತದೆ. ಆಂಟೆನಾ ತೆಗೆದ ಅದೇ ಟೇಪ್‌ರೆಕಾರ್ಡರಿನ ಮೋಟರ್ ಗಾತ್ರದಲ್ಲಿ ಆಸೆ ಹುಟ್ಟಿಸುತ್ತದೆ. ಆದರೆ ಅದರೊಳಗೆ ವೇಗವನ್ನು ಒಂದೇ ಸಮ ಇಡುವ ಗವರ್ನರ್ ಇರುತ್ತದೆ, ಕಂಟ್ರೋಲರ್ ತಿರುಗಿಸಿದರೂ ವೇಗ ಬದಲಾಗುವುದಿಲ್ಲ.

ಡಿಜಿಟಲ್ ಡಿಕೋಡರ್ (ಕಂಟ್ರೋಲರಿನ ಡಿಜಿಟಲ್ ಸೂಚನೆ ಓದಿ ಮೋಟರ್ ಓಡಿಸುವ ಚಿಪ್) ಇರುವ ಎಂಜಿನ್ನಿನಲ್ಲಿ ಆ ಚಿಪ್ ಸತ್ತಿದ್ದರೆ ಅದನ್ನು ಬಿಟ್ಟು ಸಾದಾ ಡಿಸಿಯಲ್ಲಿ ಓಡಿಸಬಹುದು. ಎಂಟು ಪಿನ್ನಿನ ಸಾಕೆಟ್ಟಿನಲ್ಲಿ 8ನ್ನು 1ಕ್ಕೆ, 4ನ್ನು 5ಕ್ಕೆ ಸೇರಿಸಿ. ಡಿಕೋಡರಿನ ವೈರ್ ಬಣ್ಣದಲ್ಲಿ ಹೇಳುವುದಾದರೆ ಕೆಂಪು ಕಿತ್ತಳೆಗೆ, ಕಪ್ಪು ಬೂದು ಬಣ್ಣದ್ದಕ್ಕೆ.

ಗಾಲಿಯಿಂದ ಕರೆಂಟು

ಗಾಲಿಯ ಹಿಂಬದಿಗೆ ತಾಗುವ ತೆಳು ತಗಡು ಉಪ್ಪುಗಾಳಿಗೆ ಬೇಗ ಹಸಿರುಗಟ್ಟುತ್ತದೆ. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ, ಆಲ್ಕೋಹಾಲಿನಲ್ಲಿ ಒರೆಸಿ. ಹಳಿಗೂ ಇದೇ. ಉಪ್ಪುಕಾಗದ ಬಳಸಬೇಡಿ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ತಗಡು ಮುರಿದಿದ್ದರೆ ಹಳೆಯ ಸ್ಟೆಬಿಲೈಸರ್ ಬಿಚ್ಚಿ. ಒಳಗಿನ ರಿಲೇಯಲ್ಲಿ ಕಟ್ ಕಟ್ ಎಂದು ಬಡಿಯುವ ಪಟ್ಟಿ ತಾಮ್ರದ ಸ್ಪ್ರಿಂಗ್ ಮಿಶ್ರಲೋಹದ್ದು, ಎಷ್ಟು ಬಾಗಿಸಿದರೂ ಹಿಂದಕ್ಕೆ ಬರುತ್ತದೆ. ಕತ್ತರಿಯಿಂದ 1 ಮಿ.ಮೀ. ಅಗಲಕ್ಕೆ ಕತ್ತರಿಸಿ ಬೆಸೆಯಿರಿ. ಗಾಲಿಗೆ ತಾಗಿದರೆ ಸಾಕು, ಒತ್ತಬಾರದು. ಬೆರಳಿನಿಂದ ತಳ್ಳಿದಾಗ ಗಾಲಿ ಸರಾಗ ತಿರುಗಬೇಕು.

ಗಾಲಿಯ ರಬ್ಬರ್ ಪಟ್ಟಿ ಹೋಗಿ ಎಂಜಿನ್ ಜಾರುತ್ತಿದ್ದರೆ ಸೈಕಲ್ಲಿನ ವಾಲ್‌ಟ್ಯೂಬ್ ಕೊಯ್ದು ಹಾಕುವ ರೂಢಿ ಇದೆ. ಎಚ್‌ಒ ಗಾಲಿಯ ಸುತ್ತಲಿನ ತೋಡಿಗೆ ಅದು ದಪ್ಪವಾಗಿ ಎಂಜಿನ್ ಕುಂಟುತ್ತದೆ. ಬೈಕ್ ವರ್ಕ್‌ಶಾಪಿನವರು ಬಳಸುವ ಕಪ್ಪು ಗ್ಯಾಸ್ಕೆಟ್ ಸಿಲಿಕಾನ್ ಮೇಲು. ಮೋಟರನ್ನು ನಿಧಾನ ಓಡಿಸುತ್ತಾ ತೋಡಿನೊಳಗೆ ತೆಳುವಾಗಿ ಸವರಿ, ರಾತ್ರಿಯಿಡೀ ಒಣಗಲು ಬಿಡಿ. ವಿನೆಗರ್ ವಾಸನೆ ಬರುವ ಬಗೆ ಲೋಹವನ್ನು ತಿನ್ನುತ್ತದೆ, ಅದು ಬೇಡ.

ದೀಪ ಸುಟ್ಟಿದ್ದರೆ ಬಿಳಿ ಎಲ್‌ಇಡಿ, ಜೊತೆಗೆ 1 ಕಿಲೋ ಓಮ್ ರೆಸಿಸ್ಟರ್, ತಿರುಗುಮುರುಗು ಕರೆಂಟಿನಿಂದ ಕಾಯಲು ಸಾಲಿನಲ್ಲಿ ಒಂದು ಸಣ್ಣ ಡಯೋಡ್.

ಮೈ ಮತ್ತು ಕೊಕ್ಕೆ

ಮೈ ಹೆಚ್ಚಾಗಿ ಪಾಲಿಸ್ಟೈರೀನ್ ಅಥವಾ ಎಬಿಎಸ್. ಮುರಿದ ಅಂಚುಗಳನ್ನು ಜೋಡಿಸಿ ಒಳಗಿನಿಂದ ತೇಪೆ ಕೊಡಿ. ತೇಪೆಗೆ ಹಳೆಯ ಸಿಡಿ ಡಬ್ಬಿಯ ಮುಚ್ಚಳ ಚೆನ್ನಾಗಿ ಹೊಂದುತ್ತದೆ, ಅದೂ ಪಾಲಿಸ್ಟೈರೀನೇ. ಒಡೆದ ಕಿಟಕಿ ಗಾಜಿಗೂ ಅದನ್ನೇ ಕತ್ತರಿಸಬಹುದು. ಕಿಟಕಿಯ ಹತ್ತಿರ ಫೆವಿಕ್ವಿಕ್ ಬೇಡ, ಅದರ ಆವಿಯಿಂದ ಗಾಜಿನ ಮೇಲೆ ಬಿಳಿ ಮಬ್ಬು ಕೂರುತ್ತದೆ. ಚೂರು ಕಳೆದುಹೋಗಿ ಗುಂಡಿ ಉಳಿದಿದ್ದರೆ ಒಳಗಡೆಯಿಂದ ಟೇಪ್ ಅಂಟಿಸಿ, ಅಡುಗೆ ಸೋಡಾ ತುಂಬಿ, ಮೇಲೆ ಫೆವಿಕ್ವಿಕ್ ಒಂದು ಹನಿ ಬಿಡಿ. ಕ್ಷಣದಲ್ಲಿ ಕಲ್ಲಾಗುತ್ತದೆ, ಬಿಸಿಯೂ ಆಗುತ್ತದೆ, ಮುಖ ಹತ್ತಿರ ತರಬೇಡಿ. ಆಮೇಲೆ ಅರದಿಂದ ಉಜ್ಜಿ ಬಣ್ಣ ಕೊಡಿ. ಉಗುರುಬಣ್ಣ ತೆಗೆಯುವ ದ್ರವವನ್ನು ಮೈಗೆ ತಾಗಿಸಲೇಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಪ್ಲಾಸ್ಟಿಕ್ಕೇ ಕರಗುತ್ತದೆ.

ಕೈಕಂಬಿಗೆ ಸ್ಟೇಪ್ಲರ್ ಪಿನ್ ಅಥವಾ ಟೆಲಿಫೋನ್ ವೈರಿನ ತಾಮ್ರದ ಎಳೆ. ಕೊಕ್ಕೆ ಮುರಿದಿದ್ದರೆ ಪೇಪರ್ ಕ್ಲಿಪ್ ಬಾಗಿಸಿ. ಎತ್ತರ ಮಾತ್ರ ಡಬ್ಬಿಯ ಕೊಕ್ಕೆಗೆ ಸರಿಯಾಗಿರಲಿ.

ಓಡಿಸಿ ನೋಡುವುದು

ಮೈ ಮುಚ್ಚುವ ಮುಂಚೆ, ಡಬ್ಬಿಗಳಿಲ್ಲದೆ, ದುಂಡು ಹಳಿಯಲ್ಲಿ ಹತ್ತು ನಿಮಿಷ ಮುಂದಕ್ಕೆ, ಹತ್ತು ನಿಮಿಷ ಹಿಂದಕ್ಕೆ ಓಡಿಸಿ. ಕಂಟ್ರೋಲರಿನಿಂದ ಹಳಿಗೆ ಹೋಗುವ ಒಂದು ವೈರಿನ ನಡುವೆ ಮಲ್ಟಿಮೀಟರ್ ಸೇರಿಸಿ, ಆಂಪಿಯರಿನಲ್ಲಿ ಇಡಿ. ಹೊಸ ಕಾಲದ ಮೋಟರ್ ಆದರೆ ಅರ್ಧ ಆಂಪಿಯರಿನ ಒಳಗೆ ಇರಬೇಕು. ಹಳೆಯ ಮೋಟರ್ 1 ಆಂಪಿಯರ್‌ವರೆಗೂ ಎಳೆಯಬಹುದು. ಮುಳ್ಳು ಅಥವಾ ಅಂಕಿ ಒಂದೇ ಸಮ ಇದ್ದರೆ ಒಳ್ಳೆಯದು. ಗಾಲಿ ಸುತ್ತಿದಂತೆ ಏರಿಳಿಯುತ್ತಿದ್ದರೆ ಯಾವುದೋ ಒಂದು ಗೇರ್ ವಾರೆಯಾಗಿ ಕೂತಿದೆ. ಏರುತ್ತಲೇ ಹೋದರೆ ನಿಲ್ಲಿಸಿ ಮೋಟರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಬೋಗಿಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಓಡಿಸಿ. ಯಾವ ಬೋಗಿ ತೆಗೆದಾಗ ಕರೆಂಟು ಇಳಿಯುತ್ತದೋ ಬಿಗಿತ ಅಲ್ಲಿದೆ.

ಅಂಕಿ ಸರಿಯಿದ್ದರೆ ಮೈ ಮುಚ್ಚಿ. ಹಾಕಿದ ಹೊಸ ಭಾಗಗಳ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು, ಮುರಿದ ಹಳೆಯ ಭಾಗಗಳ ಜೊತೆ ಎಂಜಿನ್ನಿನ ಪೆಟ್ಟಿಗೆಯಲ್ಲೇ ಇಡಿ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಪೆಟ್ಟಿಗೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅಟ್ಟದ ಬದಲು ಕಪಾಟಿನಲ್ಲಿಡಿ. ಹದಿನೈದು ದಿನಕ್ಕೊಮ್ಮೆ ತೆಗೆದು ಐದು ನಿಮಿಷ ಓಡಿಸಿ.